ಸಭಾಕಂಪಕ್ಕೆ ಮದ್ದು

ನಾಲ್ಕು ಜನರ ಮುಂದೆ ನಿಂತಾಗ ನಾಲಗೆ ಒಣಗುವುದೂ ಮೊಳಕಾಲು ನಡುಗುವುದೂ ಲೋಕದಲ್ಲಿ ಹೊಸತೇನಲ್ಲ. ಅದಕ್ಕೆ ಸಭಾಕಂಪವೆಂಬ ಹೆಸರನ್ನು ನಮ್ಮವರು ಎಂದೋ ಇಟ್ಟಿರುವರು. ಆದರೆ ಮದುವೆಯ ಪಂಕ್ತಿಯಲ್ಲಿ ಕುಳಿತು ಉಣ್ಣಲಾರದೆ, ಕೈಗೆ ಬಂದ ಉದ್ಯೋಗದ ಸಂದರ್ಶನವನ್ನು ತೊರೆದು ಕೋಣೆ ಸೇರುವಷ್ಟು ಅದು ಬೆಳೆದರೆ, ಸಂಕೋಚವೆನ್ನಲಾಗದು, ವ್ಯಾಧಿಯೆನ್ನಬೇಕು. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿ ತನ್ನ ರೋಗವರ್ಗೀಕರಣ ಗ್ರಂಥದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವನ್ನಿತ್ತಿತು. ನಮ್ಮ ಅಣ್ಣನ ಮಗನಿಗೆ ಇದು ಅಂಟಿಕೊಂಡುದರಿಂದ ಮದ್ದುಗಳ ತಾರತಮ್ಯವನ್ನು ನಾವು ತುಸು ಆಸ್ಥೆಯಿಂದಲೇ ವಿಚಾರಿಸಬೇಕಾಯಿತು.

ಪ್ರೊಪ್ರನೊಲಾಲ್ ಎಂಬುದು ಹೃದ್ರೋಗಕ್ಕಾಗಿ 1960ರ ದಶಕದಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯ ಶೋಧದಿಂದ ಬಂದುದು. ಎದೆಬಡಿತವನ್ನೂ ಕೈನಡುಕವನ್ನೂ ತಗ್ಗಿಸುವುದರಿಂದ ವೇದಿಕೆ ಹತ್ತುವವರು ಕೆಲವರು ಇದನ್ನು ಸೇವಿಸುವುದುಂಟು. ಒಂದು ಭಾಷಣಕ್ಕೆ, ಒಂದು ಕಚೇರಿಗೆ ಸರಿಯೇ; ದಿನವೆಲ್ಲ ಕಾಡುವ ಭಯಕ್ಕೆ ಸಾಲದು. ಉಬ್ಬಸವುಳ್ಳವರಿಗೆ ಕೂಡದು.

ಕ್ಲೊನಜಿಪಾಮ್ ಬಹು ಬೇಗ ಮನಸ್ಸನ್ನು ತಣಿಸುತ್ತದೆ. ಮನೆಯ ಹಿರಿಯರಿಗೆ ಇದೇ ಮೆಚ್ಚುಗೆ—ಹುಡುಗ ಸುಮ್ಮನಿರುತ್ತಾನಲ್ಲ! ಆದರೆ ತೂಕಡಿಕೆ ತರುವುದಲ್ಲದೆ, ರೂಢಿಯಾದ ಮೇಲೆ ದೇಹವು ಅದನ್ನು ಸುಲಭವಾಗಿ ಬಿಡಗೊಡದು.

ವೈದ್ಯರು ಈಗ ಸಾಮಾನ್ಯವಾಗಿ ಮೊದಲು ಕೊಡುವುದು ಮೆದುಳಿನ ಸಿರೊಟೋನಿನ್ ಮೇಲೆ ವರ್ತಿಸುವ ಮದ್ದುಗಳನ್ನು. ಪ್ಯಾರೊಕ್ಸೆಟೀನ್ ಈ ವ್ಯಾಧಿಗೆಂದು 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. 2003ರಲ್ಲಿ ಸರ್ಟ್ರಲೀನ್, ವೆನ್ಲಫ್ಯಾಕ್ಸಿನ್‌ಗಳಿಗೂ ಅದು ದೊರೆಯಿತು. ಗುಣದಲ್ಲಿ ಇವು ಹೆಚ್ಚುಕಡಮೆ ಸಮಾನ. ಉಪದ್ರವದಲ್ಲಿ ಬೇರೆ ಬೇರೆ. ಪ್ಯಾರೊಕ್ಸೆಟೀನ್ ಮೈ ತೂಕವನ್ನು ಹೆಚ್ಚಿಸಬಲ್ಲುದು, ಥಟ್ಟನೆ ನಿಲ್ಲಿಸಿದರೆ ತಲೆ ತಿರುಗಿಸುವುದು. ಸರ್ಟ್ರಲೀನ್ ಹೊಟ್ಟೆ ಕೆಡಿಸಬಹುದು. ವೆನ್ಲಫ್ಯಾಕ್ಸಿನ್ ಕೊಂಡವರ ರಕ್ತದ ಒತ್ತಡವನ್ನು ನೋಡುತ್ತಿರಬೇಕು. ಹಳೆಯ ಫೆನೆಲ್ಜೀನ್ ಬಲವಾದದ್ದೇ. ಆದರೆ ಹಳಸಿ ಮಾಗಿಸಿದ ಚೀಸಿನಂಥ ಆಹಾರದೊಡನೆ ಸೇರಿದರೆ ರಕ್ತದ ಒತ್ತಡವು ಅಪಾಯಕರವಾಗಿ ಏರುವುದು.

ಇವುಗಳ ಫಲವು ಕೈಸೇರಲು ವಾರಗಟ್ಟಲೆ, ಕೆಲವೊಮ್ಮೆ ಮೂರು ತಿಂಗಳು, ಕಾಯಬೇಕು. ಮನೆಯವರು ಅತ್ಯಂತ ಎಚ್ಚರದಿಂದಿರಬೇಕಾದ ಕಾಲವೂ ಮೊದಲ ವಾರಗಳೇ: ಇಪ್ಪತ್ತೈದು ತುಂಬದ ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚಬಹುದೆಂದು 2007ರಿಂದ ಅಮೆರಿಕದಲ್ಲಿ ಈ ಮದ್ದುಗಳ ಮೇಲೆಯೇ ಎಚ್ಚರಿಕೆ ಅಚ್ಚಾಗಿದೆ. ನಮ್ಮ ಅತ್ತಿಗೆಯವರು ಆ ದಿನಗಳಲ್ಲಿ ಹುಡುಗನ ಕೋಣೆಯ ಬಾಗಿಲಲ್ಲೇ ಹಾಸಿಕೊಂಡು ಮಲಗಿದರು.

ಅವನಿಗೆ ವೈದ್ಯರು ಸರ್ಟ್ರಲೀನ್ ಕೊಟ್ಟು, ಜೊತೆಗೆ ಅಂಜುವ ಸಂದರ್ಭಗಳನ್ನು ಒಂದೊಂದಾಗಿ ಎದುರಿಸುವ ಮಾನಸಿಕ ಚಿಕಿತ್ಸೆಯನ್ನೂ ನಡೆಸಿರುವರು. ಒಂಬತ್ತನೆಯ ವಾರದಲ್ಲಿ ಅಂಗಡಿಗೆ ಹೋಗಿ, ಚಿಲ್ಲರೆ ಎರಡು ರೂಪಾಯಿ ಕಡಮೆ ಬಂದುದನ್ನು ಕೇಳಿ ಪಡೆದು ತಂದನು.