ಭಾರ ಹೊರುವ ಕಾಲುಗಳು

ಮನುಷ್ಯನು ತನ್ನ ವಾಹನವನ್ನು ಪ್ರೀತಿಸುವ ರೀತಿ ವಿಚಿತ್ರವಾದುದು. ಜನರ ಕಣ್ಣಿಗೆ ಬೀಳುವ ಭಾಗವನ್ನು ದಿನವೂ ಒರೆಸಿ ಹೊಳೆಯಿಸುತ್ತಾನೆ. ಕಣ್ಣಿಗೆ ಬೀಳದ ಭಾಗದ ಹೆಸರನ್ನು ಅದು ಕೆಡುವವರೆಗೂ ಕೇಳುವುದಿಲ್ಲ. ಪರರ ಮಾತೇಕೆ? ನಾನೇ ಅಂಥವನಾಗಿದ್ದೆ.

ನನ್ನದು ಕ್ರೂಸರ್ ಎಂದು ಕರೆಯಲಾಗುವ ಜಾತಿಯ ಮೋಟಾರ್ ಸೈಕಲ್. ಅದರ ಆಸನ ತಗ್ಗು, ಹಿಡಿಕೆ ಅಗಲ. ಮುಂದಿನ ಗಾಲಿ ಇತರ ವಾಹನಗಳಿಗಿಂತ ಹೆಚ್ಚು ಮುಂದಕ್ಕೆ ಚಾಚಿಕೊಂಡಿರುತ್ತದೆ. ಬೆಳಗಾವಿಯ ಕಾಲೇಜು ರಸ್ತೆಯಲ್ಲಿ ನಾನು ಅದನ್ನು ನಿಲ್ಲಿಸಿದಾಗ ಹುಡುಗರು ತಿರುಗಿ ನೋಡುತ್ತಿದ್ದರು. ಆ ನೋಟದ ಆಸೆಗೆ ನಾನು ಅದಕ್ಕೆ ಗಾಳಿ ತಡೆಯುವ ದೊಡ್ಡ ಗಾಜು, ಜೋಡಿ ದೀಪ, ಉಕ್ಕಿನ ಗಾರ್ಡು ಎಂದು ಒಂದೊಂದಾಗಿ ಒಡವೆ ತೊಡಿಸಿದೆ. ಎಲ್ಲವೂ ಮುಂಭಾಗದಲ್ಲಿಯೇ ಕುಳಿತವು. ಅವನ್ನೆಲ್ಲ ಹೊರುವವರು ಯಾರು ಎಂದು ನಾನು ಯೋಚಿಸಲಿಲ್ಲ.

ನನ್ನ ಅವ್ವನ ತವರು ಖಾನಾಪುರದ ಆಚೆಯ ಒಂದು ಹಳ್ಳಿ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರ್. ಅಲ್ಲಿಂದ ಮುಂದೆ ಸಹ್ಯಾದ್ರಿಯ ಕಾಡು ಹತ್ತಿರವಾಗುತ್ತದೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಮಳೆಗಾಲದಲ್ಲಿ ಕೆಂಪಾಗಿ ತುಂಬಿ ಖಾನಾಪುರದ ಮಗ್ಗುಲಲ್ಲಿ ಹರಿಯುತ್ತಾಳೆ. ಶ್ರಾವಣದ ಒಂದು ದಿನ ಅವ್ವನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಹಳ್ಳಿಯ ಹಾದಿಯ ತಗ್ಗುಗಳಲ್ಲೆಲ್ಲ ನೀರು ನಿಂತು, ಯಾವುದು ಆಳ, ಯಾವುದು ಮೇಲು ಎಂದು ತಿಳಿಯದಂತಾಗಿತ್ತು. ಇದ್ದಕ್ಕಿದ್ದಂತೆ ಒಂದು ಕರು ಅಡ್ಡ ಬಂದಿತು. ನಾನು ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದೆ. ವಾಹನದ ಮುಂಭಾಗ ಮೂಗು ನೆಲಕ್ಕೆ ಊರುವಂತೆ ಕುಸಿಯಿತು. ಅದೇ ಕ್ಷಣದಲ್ಲಿ ಗಾಲಿ ತಗ್ಗಿನೊಳಗೆ ಇಳಿಯಿತು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಹಿಡಿಕೆ ಕೈಯಿಂದ ಕಿತ್ತುಕೊಂಡು ಹೋಯಿತು. ಮರುಕ್ಷಣ ನಾವಿಬ್ಬರೂ ಕೆಸರಿನಲ್ಲಿದ್ದೆವು.

ಕರುವಿಗೆ ಏನೂ ಆಗಲಿಲ್ಲ. ನನ್ನ ಮೊಣಕೈ ತರಚಿತು. ಅವ್ವನ ಮುಂಗೈಯ ಎಲುಬು ಬಿರುಕು ಬಿಟ್ಟಿತು. ಆರು ವಾರ ಅವಳು ಕೈಗೆ ಪಟ್ಟಿ ಹಾಕಿಸಿಕೊಂಡು ಕುಳಿತಳು. ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ಆದರೆ ಕೈ ನೆಟ್ಟಗಾದ ಮೇಲೆ, ಮತ್ತೆ ತವರಿಗೆ ಹೊರಡುವ ಮಾತು ಬಂದಾಗ, "ನಾ ಬಸ್ಸಿಗೇ ಹೋಗ್ತೀನೋ ತಮ್ಮಾ" ಎಂದಳು. ಬೈಗುಳಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ನೋಯಿಸಿತು.

ಬೆಳಗಾವಿಯ ಉದ್ಯಮಬಾಗವು ಎರಕದ ಕೆಲಸಕ್ಕೂ ಹೈಡ್ರಾಲಿಕ್ ಯಂತ್ರಭಾಗಗಳಿಗೂ ಹೆಸರಾದ ಸ್ಥಳ. ಅದರ ಹತ್ತಿರದ ಒಂದು ಗ್ಯಾರೇಜಿನಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರಿದ್ದರು. ಅವರ ಬಳಿಗೆ ಹೋಗಿ, "ಹಣ ಎಷ್ಟಾದರೂ ಆಗಲಿ, ಮುಂದಿನ ಫೋರ್ಕನ್ನೇ ಬದಲಿಸಿಬಿಡಿ, ನೋಡಲೂ ದಪ್ಪವಾಗಿರಲಿ" ಎಂದೆ. ಅವರು ನಕ್ಕು, "ಹೊಸಾ ಕಾಲು ಹಚ್ಚೂದು ಆಮ್ಯಾಲಿಂದು ಸರ. ಮೊದಲ ಇದಕ್ಕ ಏನಾಗೇತಿ ನೋಡೂಣು" ಎಂದರು.

ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ, ಫೋರ್ಕಿನ ಕೊಳವೆ ಪೂರ್ತಿ ಚಾಚಿದಾಗ ಎಷ್ಟು ಉದ್ದವೆಂದು ಅಳೆದರು. ಬಳಿಕ ಗಾಲಿಯನ್ನು ಇಳಿಸಿ, ನನ್ನನ್ನು ಆಸನದ ಮೇಲೆ ಕೂರಿಸಿ ಮತ್ತೆ ಅಳೆದರು. ಆ ಫೋರ್ಕು ಒಟ್ಟು ಕುಸಿಯಬಲ್ಲುದು 13 ಸೆಂಟಿಮೀಟರ್. ನಾನೊಬ್ಬನೇ ಕುಳಿತಾಗ ಅದರಲ್ಲಿ 6 ಸೆಂಟಿಮೀಟರ್ ಮುಗಿದುಹೋಗಿತ್ತು! ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಕುಸಿದರೆ ಸರಿ. ಅದಕ್ಕಿಂತ ಹೆಚ್ಚಾದರೆ, ಬ್ರೇಕು ಹಿಡಿದು ತಗ್ಗಿಗೆ ಬಿದ್ದಾಗ ಕುಸಿಯಲು ಎಡೆಯೇ ಉಳಿಯುವುದಿಲ್ಲ. ಮಿಸ್ತ್ರಿಗಳು ಗಾಜನ್ನೂ ಗಾರ್ಡನ್ನೂ ತೋರಿಸಿ, "ಭಾರ ಏರಸ್ಕೋತ ಹೋದ್ರಿ. ಹೊರಾಂವನ್ನ ಮಾತ್ರ ಕೇಳಲಿಲ್ರಿ" ಎಂದರು. ನಾನು ತಲೆ ತಗ್ಗಿಸಿದೆ.

ಫೋರ್ಕಿನ ಒಳಗೆ ಏನಿದೆ ಎಂಬುದನ್ನು ನಾನು ಅಂದೇ ಮೊದಲು ಕಂಡೆ. ಒಂದರೊಳಗೊಂದು ಜಾರುವ ಎರಡು ಕೊಳವೆಗಳು. ನಡುವೆ ಉದ್ದನೆಯ ಒಂದು ಸ್ಪ್ರಿಂಗು ಮತ್ತು ಒಂದಿಷ್ಟು ಎಣ್ಣೆ. ಸ್ಪ್ರಿಂಗು ಭಾರವನ್ನು ಹೊರುತ್ತದೆ. ಆದರೆ ಅದುಮಿದ ಸ್ಪ್ರಿಂಗು ಅದುಮಿದಷ್ಟೇ ರಭಸದಿಂದ ಮೇಲೆ ಪುಟಿಯುತ್ತದೆ. ಅದೊಂದೇ ಇದ್ದರೆ ವಾಹನ ಕುದುರೆಯ ಮರಿಯಂತೆ ಕುಣಿಯುವುದು. ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳುತ್ತ ಆ ಕುಣಿತವನ್ನು ತಡೆದು, ಅದರ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯು ತನ್ನ ಆರ್ 12 ಎಂಬ ವಾಹನಕ್ಕೆ ಇಂತಹ ಎಣ್ಣೆಯ ಹಿಡಿತವುಳ್ಳ ಕೊಳವೆ ಫೋರ್ಕನ್ನು ಅಳವಡಿಸಿತು. ಇಂದು ಲೋಕದ ಬಹುಪಾಲು ಮೋಟಾರ್ ಸೈಕಲ್‌ಗಳು ಇಂತಹ ಕಾಲುಗಳ ಮೇಲೆಯೇ ಓಡುತ್ತವೆ. ನನ್ನ ಫೋರ್ಕಿನಿಂದ ಸುರಿದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿತ್ತು. ಕೊಂಡ ದಿನದಿಂದ ನಾನು ಅದನ್ನು ಬದಲಿಸಿರಲೇ ಇಲ್ಲ!

ಮಿಸ್ತ್ರಿಗಳು ಹಳೆಯ ಸ್ಪ್ರಿಂಗನ್ನು ತೆಗೆದು, ಸುರುಳಿಗಳು ಒಂದು ತುದಿಯಲ್ಲಿ ಒತ್ತಾಗಿಯೂ ಇನ್ನೊಂದು ತುದಿಯಲ್ಲಿ ವಿರಳವಾಗಿಯೂ ಇರುವ ಹೊಸ ಸ್ಪ್ರಿಂಗನ್ನು ಇಟ್ಟರು. ಸಾಮಾನ್ಯ ಸ್ಪ್ರಿಂಗು ಭಾರ ಎರಡರಷ್ಟಾದರೆ ಎರಡರಷ್ಟು ಕುಸಿಯುತ್ತದೆ. 1678ರಲ್ಲಿ ರಾಬರ್ಟ್ ಹುಕ್ ಪ್ರಕಟಿಸಿದ ನಿಯಮವಿದು. ಈ ಹೊಸ ಸ್ಪ್ರಿಂಗಿನಲ್ಲಿಯಾದರೋ ಒತ್ತಾದ ಸುರುಳಿಗಳು ಮೊದಲು ಒಂದಕ್ಕೊಂದು ತಾಗಿ ಸುಮ್ಮನಾಗುತ್ತವೆ. ಅಲ್ಲಿಂದ ಮುಂದೆ ಭಾರ ಹೆಚ್ಚಿದಂತೆ ಸ್ಪ್ರಿಂಗು ಗಡುಸಾಗುತ್ತದೆ. ಸಣ್ಣ ಕಲ್ಲಿಗೆ ಮೆದು, ದೊಡ್ಡ ತಗ್ಗಿಗೆ ಬಿಗಿ. ಎರಡೂ ಕಾಲುಗಳಲ್ಲಿ ಎಣ್ಣೆಯ ಮಟ್ಟ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಅವರು ಅಳತೆಪಟ್ಟಿ ಇಳಿಸಿ ನೋಡಿದರು. ಮೇಲಿನ ಮುಚ್ಚಳ ತಿರುಗಿಸುವಾಗ ನನ್ನನ್ನು ದೂರ ನಿಲ್ಲಿಸಿದರು. ಒಳಗೆ ಅದುಮಿಕೊಂಡ ಸ್ಪ್ರಿಂಗು ಮುಚ್ಚಳವನ್ನು ಹಾರಿಸಿದರೆ ಕಣ್ಣೇ ಹೋಗಬಹುದು.

ಇಲ್ಲಿಯೂ ನನ್ನ ಹಟವೊಂದು ನಡೆಯಿತು. ಅವರು ಬೇಡವೆಂದರೂ ಕೇಳದೆ, ತೀರ ದಪ್ಪನೆಯ ಎಣ್ಣೆಯನ್ನೇ ಹಾಕಿಸಿದೆ. ಗಟ್ಟಿಯಾದಷ್ಟೂ ಕ್ಷೇಮವೆಂದು ನನ್ನ ಎಣಿಕೆ. ಪರಿಣಾಮವೇನು? ಎಣ್ಣೆ ರಂಧ್ರಗಳಲ್ಲಿ ಬೇಗನೆ ನುಸುಳಲಾರದೆ ಫೋರ್ಕು ಮರದ ಕೊರಡಿನಂತಾಯಿತು. ಖಾನಾಪುರ ತಲುಪುವಷ್ಟರಲ್ಲಿ ದಾರಿಯ ಒಂದೊಂದು ಹರಳೂ ನನ್ನ ಅಂಗೈಗೆ ತನ್ನ ಪರಿಚಯ ಹೇಳಿತ್ತು. ಮರುದಿನ ಸಂಕೋಚದಿಂದಲೇ ಗ್ಯಾರೇಜಿಗೆ ಮರಳಿದೆ. ಮಿಸ್ತ್ರಿಗಳು ಏನನ್ನೂ ಕೇಳದೆ, ಮೊದಲೇ ಹೇಳಿದ್ದ ಎಣ್ಣೆಯ ಡಬ್ಬಿಯನ್ನು ತೆಗೆದರು. ಜೋಡಿ ದೀಪವನ್ನೂ ಗಾಜನ್ನೂ ನಾನೇ ಬಿಚ್ಚಿಸಿದೆ. ಮತ್ತೆ ಅಳೆದಾಗ ಫೋರ್ಕು ಕುಸಿದದ್ದು 4 ಸೆಂಟಿಮೀಟರ್ ಮಾತ್ರ.

ಒಂದು ತಿಂಗಳು ನಾನೊಬ್ಬನೇ ಓಡಾಡಿ, ಹಳ್ಳಿಯ ಹಾದಿಯಲ್ಲಿ ನಿಧಾನವಾಗಿ ಬ್ರೇಕು ಹಿಡಿದು ಪರೀಕ್ಷಿಸಿದೆ. ಆಮೇಲೆ ಅವ್ವನಿಗೆ ಹೇಳಿದೆ. ಅವಳು ವಾಹನವನ್ನು ಸುತ್ತಿ ನೋಡಿ, "ಏನೂ ಬದಲಾದಂಗ ಕಾಣಂಗಿಲ್ಲಲ್ಲೋ?" ಎಂದಳು. ನಿಜ, ಕಾಣುವಂಥದು ಏನೂ ಇರಲಿಲ್ಲ. ಆದರೂ ನನ್ನ ಮುಖ ನೋಡಿ ಹತ್ತಿ ಕುಳಿತಳು. ಬರುವಾಗ ಖಾನಾಪುರದ ಕುಂಬಾರರಲ್ಲಿ ಒಂದು ಗಡಿಗೆ ಕೊಂಡು ಮಡಿಲಲ್ಲಿಟ್ಟುಕೊಂಡಳು. ಒಂದು ಕೈಯಿಂದ ಗಡಿಗೆ, ಇನ್ನೊಂದರಿಂದ ನನ್ನ ಹೆಗಲು.

ಗಡಿಗೆ ಬೆಳಗಾವಿಯವರೆಗೂ ಒಡೆಯದೆ ಬಂದಿತು. ಇಂದಿಗೂ ನಮ್ಮ ಮನೆಯಲ್ಲಿ ಅದರ ನೀರನ್ನೇ ಕುಡಿಯುತ್ತೇವೆ. ವಾಹನದಲ್ಲಾಗಲಿ ಮನೆಯಲ್ಲಾಗಲಿ ಭಾರ ಹೊರುವವರು ಸದ್ದು ಮಾಡುವುದಿಲ್ಲ. ಸದ್ದು ಕೇಳಿಸುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಆದುದರಿಂದ ಈಗ ನಾನು ವಾಹನವನ್ನು ಒರೆಸುವ ಮೊದಲು ಫೋರ್ಕನ್ನು ಒಮ್ಮೆ ಅದುಮಿ ನೋಡುತ್ತೇನೆ. ಹೊರಡುವ ಮೊದಲು ಅವ್ವನ ಕೈ ನೋಯುತ್ತಿದೆಯೇ ಎಂದು ಕೇಳುತ್ತೇನೆ.