ಇನ್ನೂರರ ಗಡಿ

ರಾಯಚೂರಿನ ಬೇಸಗೆಯನ್ನು ಬಲ್ಲವರಿಗೆ ಬಣ್ಣಿಸಬೇಕಾಗಿಲ್ಲ. ಅರಿಯದವರಿಗೆ ಬಣ್ಣಿಸಿ ಫಲವಿಲ್ಲ. ಆ ಊರಿನ ನಿವೃತ್ತ ಗುಮಾಸ್ತರೊಬ್ಬರ ಮನೆಯಲ್ಲಿ 2024ರ ಏಪ್ರಿಲಿನಲ್ಲಿ ಒಂದು ವ್ರತ ನಡೆಯಿತು. ಯಜಮಾನರು ಮುಂಜಾನೆ ಎದ್ದೊಡನೆ ದೇವರ ಮುಖಕ್ಕಿಂತ ಮೊದಲು ಮೀಟರಿನ ಮುಖ ನೋಡುವರು. ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡುವರು.

ಕಾರಣವಿಲ್ಲದೆ ಇಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, ಅದರ ಹಿಂದಿನ ವರ್ಷದ ಮಾಸಿಕ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿದಷ್ಟು ವಿದ್ಯುತ್ತು ಉಚಿತ, ಮೇಲಿನದಕ್ಕೆ ಹಣ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಸರಾಸರಿಯಲ್ಲಿ ಮಾಗಿಯ ಚಳಿಯೂ ಸೇರಿದೆ. ವೈಶಾಖದಲ್ಲಿ ಬದುಕಬೇಕಾದವರಿಗೆ ಅದರಿಂದೇನು ಸಮಾಧಾನ?

75 ವ್ಯಾಟಿನ ಹಳೆಯ ಫ್ಯಾನು 20 ಗಂಟೆ ತಿರುಗಿದರೆ ಒಂದೂವರೆ ಯೂನಿಟ್. ಅಂಥವು ಮೂರು. 200 ವ್ಯಾಟಿನ ಕೂಲರಿಗೆ 10 ಗಂಟೆಗೆ ಎರಡು. ಇಷ್ಟಕ್ಕೇ ತಿಂಗಳಿಗೆ 195! ಫ್ರಿಜ್ಜಿನ ಲೆಕ್ಕ ಇನ್ನೂ ಬಂದಿಲ್ಲ. ಕೋಣೆ ಕಾದಷ್ಟೂ ಅದರ ದುಡಿಮೆ ಹೆಚ್ಚು. ತಂದೆಯ ಕಾಲದ ಮಣ್ಣಿನ ಮಾಳಿಗೆಯನ್ನು ಕೆಡವಿ ಕಾಂಕ್ರೀಟು ಹಾಕಿಸಿದಾಗ ಯಜಮಾನರು ಹೆಮ್ಮೆಪಟ್ಟಿದ್ದರು. ಆ ಕಾಂಕ್ರೀಟು ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿ ಮಲಗಿದವರ ಮೇಲೆ ಸಾವಕಾಶವಾಗಿ ಸುರಿಯುತ್ತಿತ್ತು. ಸಮೀಪದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿದು ನಾಡಿಗೆ ಬೆಳಕಾಗುತ್ತಿದೆ. ಈ ಮನೆಯಲ್ಲಿ ಫ್ಯಾನಿಗೆ ಪಾಳಿ ಬಂದಿತ್ತು.

ತಮ್ಮ ಪಾಳಿಯನ್ನು ಮೊದಲು ಬಿಟ್ಟುಕೊಟ್ಟವರು ಎಂಬತ್ತು ದಾಟಿದ ತಾಯಿ.

"ನನಗೇನು ಧಗಿ ಆಗವಲ್ದು, ಫ್ಯಾನ್ ಬಂದ್ ಮಾಡೋ."

ಮಗ ಇದನ್ನು ತ್ಯಾಗವೆಂದು ತಿಳಿದು ಕರಗಿದರು, ಸ್ವಿಚ್ಚನ್ನೂ ಆರಿಸಿದರು. ಆದರೆ ಮುದುಕಿಯ ಮಾತು ಸುಳ್ಳಾಗಿರಲಿಲ್ಲ. ವಯಸ್ಸಾದಂತೆ ಸೆಕೆಯ ಅರಿವೂ ಬಾಯಾರಿಕೆಯೂ ಮಂದವಾಗುತ್ತವೆ, ಬೆವರೂ ತಗ್ಗುತ್ತದೆ. ಮೈ ಕಾಯುತ್ತಿರುವುದು ಮೈಗೇ ತಿಳಿಯದು.

ಒಂದು ನಡುರಾತ್ರಿ ನೀರು ಕುಡಿಯಲೆಂದು ಎದ್ದ ಸೊಸೆ ಅತ್ತೆಯ ಹಣೆ ಮುಟ್ಟಿದಳು, ಕೆಂಡ! ಅತ್ತೆ ಅವಳನ್ನು ತಮ್ಮ ತೀರಿಹೋದ ಅಕ್ಕನ ಹೆಸರಿನಿಂದ ಕರೆದರು. ಒದ್ದೆ ಬಟ್ಟೆ ಸುತ್ತಿ, ಇದ್ದ ಫ್ಯಾನು ಕೂಲರುಗಳನ್ನೆಲ್ಲ ಹಾಕಿ, ಆಟೋ ಹಿಡಿದು ಆಸ್ಪತ್ರೆಗೆ ಒಯ್ದರು. ಬೆಳಗಾಗುವ ಹೊತ್ತಿಗೆ, ಸಲೈನು ಇಳಿಯುತ್ತಿರಲು, ತಾಯಿ ಮಗನನ್ನು ಗುರುತಿಸಿದರು.

ಆ ವಾರವೇ ಯಜಮಾನರು ಮಾಳಿಗೆಗೆ ದಪ್ಪನಾಗಿ ಸುಣ್ಣ ಬಳಿಸಿದರು. ತಾಯಿಯ ಫ್ಯಾನಿನ ಸ್ವಿಚ್ಚಿಗೆ ಯಾರೂ ಆರಿಸದಂತೆ ಪಟ್ಟಿ ಅಂಟಿಸಿದರು. ಕ್ಯಾಲೆಂಡರಿನ ಅಂಕಿಗಳು 23ನೆಯ ತಾರೀಖಿಗೇ ನಿಂತಿವೆ.

ಬಿಲ್ಲು ಬಂದಾಗ 231 ಯೂನಿಟ್. ಒಳಗಿನಿಂದ ತಾಯಿ ಕೇಳಿದರು:

"ಎಷ್ಟ್ ಬಂತಪ್ಪಾ?"

"ಸೊನ್ನಿ ಬಂದದವ್ವಾ," ಎಂದು ಮಗ ಬಿಲ್ಲನ್ನು ಮಡಿಚಿ ಜೇಬಿಗಿಟ್ಟುಕೊಂಡರು.