ನಾಮದ ಕೋಳಿ, ಆಳ್‌ಕಾಟ್ಟಿ, ನೊರೆ

ಯುಗಾದಿಗೆ ಮುಂಚಿನ ಭಾನುವಾರ ನಾವು, ಏಳನೇ ತರಗತಿಯ ಮಕ್ಕಳೂ ಮೇಷ್ಟ್ರುಗಳೂ, ಹೊಸೂರಿನ ಕೆಲವರಪಳ್ಳಿ ಜಲಾಶಯಕ್ಕೆ ಹಕ್ಕಿ ನೋಡಲು ಹೋಗಿದ್ದೆವು. ನಮ್ಮದು ಸುಮಾರು 900 ಮೀಟರ್ ಎತ್ತರದ ಸೀಮೆ. ಮಾರ್ಚಿನಲ್ಲೂ ಬೆಳಿಗ್ಗೆ ತಣ್ಣಗಿರುತ್ತದೆ. ಇದ್ದದ್ದು ಒಂದೇ ದುರ್ಬೀನು, ಅದಕ್ಕೇ ಕಿತ್ತಾಟ!

ಹಣೆಯಲ್ಲಿ ಬಿಳಿ ನಾಮವಿದ್ದ ಕರಿ ಹಕ್ಕಿ ಕಂಡಾಗ 'ನಾಮದ ಕೋಳಿ' ಎಂದೆವು. "ತಮಿಳಲ್ಲೂ ನಾಮಕ್ಕೋಳಿನೇ ಸಾರ್" ಎಂದ ಒಬ್ಬ. ಟಿಟ್ಟಿಭ ಮಾತ್ರ ತಮಿಳಿನಲ್ಲಿ ಆಳ್‌ಕಾಟ್ಟಿ, ಆಳು ಬಂದನೆಂದು ತೋರಿಸಿಕೊಡುವ ಹಕ್ಕಿ. ಅದು ನಮ್ಮ ತಲೆಯ ಮೇಲೆಯೇ ಕಿರುಚುತ್ತಾ ಸುತ್ತತೊಡಗಿತು. ನೋಡಿದರೆ ಕಾಲ ಬಳಿ, ಬರೀ ನೆಲದಲ್ಲಿ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಉಸಿರು ಬಿಗಿಹಿಡಿದು ಹಿಂದೆ ಸರಿದೆವು.

ಅಣೆಕಟ್ಟೆಯ ಕೆಳಗೆ ಇಳಿದರೆ ಹೊಳೆಯ ತುಂಬ ಬಿಳಿ ನೊರೆ, ಮೂಗು ಮುಚ್ಚಿಕೊಳ್ಳುವಂಥ ವಾಸನೆ. ನಂದಿ ಬೆಟ್ಟದಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೊಳಚೆ ಸೇರಿ ಇಲ್ಲಿಗೆ ಬರುತ್ತದೆ. ನದಿಯ ಪಾಠ ಮಾಡುವಾಗ ನಾವು ನಂದಿ ಬೆಟ್ಟವನ್ನಷ್ಟೇ ಹೇಳಿದ್ದೆವು.

"ಸಾರ್, ಈ ನೀರು ಕನ್ನಡನಾಡಿಂದಲೇ ಬರೋದಲ್ವಾ?" ಹುಡುಗಿಯೊಬ್ಬಳು ಕೇಳಿದಳು.

ಹೌದಮ್ಮಾ ಎಂದೆವು. ನೊರೆಯ ಅಂಚಿನಲ್ಲಿ ಒಂದು ಕೊಕ್ಕರೆ ಮೀನಿಗಾಗಿ ನಿಂತೇ ಇತ್ತು.